5 ತಿಂಗಳ ಹ್ಯಾಟೆ ಬಾಯಿ ಬಿಟ್ಟು ಉಸಿರಾಡುತ್ತಿದೆ, ಏನು ಮಾಡಲಿ?

ಬೋಗಾದಿ ಹಿತ್ತಲು · ಶನಿವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಮನೆ ಮೈಸೂರಿನ ಬೋಗಾದಿ ಕಡೆ. ಹಿತ್ತಲಲ್ಲಿ ಒಂಬತ್ತು ಕೋಳಿ ಇವೆ. ಅದರಲ್ಲಿ ಚುಕ್ಕಿ ಅಂತ ಒಂದು ಹ್ಯಾಟೆ, ಗಿರಿರಾಜ ತಳಿ, ಐದು ತಿಂಗಳು ತುಂಬಿದೆ. ಇನ್ನೂ ಮೊಟ್ಟೆ ಶುರು ಮಾಡಿಲ್ಲ.

ಗುರುವಾರ ಸಂಜೆ ಒಂದೆರಡು ಸಲ ಸೀನಿತು. ಆಷಾಢದ ಗಾಳಿ, ಶೀತ ಆಗಿರಬೇಕು ಅಂತ ಸುಮ್ಮನಾದೆ. ನಿನ್ನೆಯಿಂದ ಕತ್ತು ಮುಂದೆ ಚಾಚಿ, ಬಾಯಿ ಬಿಟ್ಟು ಉಸಿರು ಎಳೆಯುತ್ತಿದೆ. ಹತ್ತಿರ ಕೂತರೆ ಗೊರಗೊರ ಸದ್ದು. ಎಳನೀರಿನ ತಳದಲ್ಲಿ ಉಳಿದದ್ದನ್ನು ಸ್ಟ್ರಾ ಹಾಕಿ ಎಳೆದರೆ ಬರುತ್ತಲ್ಲ, ಥೇಟ್ ಅದೇ.

ಅತ್ತೆ ಬೆಳ್ಳುಳ್ಳಿ, ಮೆಣಸು, ತುಳಸಿ ಕುದಿಸಿ ಕಷಾಯ ಮಾಡಿಕೊಟ್ಟರು. ಸಿರಿಂಜಿನಲ್ಲಿ ಬಾಯಿಗೆ ಬಿಟ್ಟೆ. ತಕ್ಷಣ ಕೆಮ್ಮಿ, ತಲೆ ಕೊಡವಿ ಇನ್ನೂ ಸುಸ್ತಾಯಿತು. ಭಯ ಆಗುತ್ತಿದೆ. ಯಾರಾದರೂ ಹೇಳಿ.

ಪಾಂಡವಪುರ ಆಲೆಮನೆ · 7:05

ಅಕ್ಕ, ಬೇಜಾರು ಮಾಡ್ಕೋಬೇಡಿ. ನಾಳೆ ಭಾನುವಾರ. ಮುದ್ದೆಗೆ ಎಸರಿಡಿ ಅಷ್ಟೇ.

ಮದ್ದೂರು ಮಂಕರಿ · 7:11

ತಮ್ಮ, ಅವರು ಹೆಸರಿಟ್ಟು ಸಾಕಿದ್ದಾರೆ, ನೀನು ಎಸರಿಡು ಅಂತೀಯಲ್ಲ. ಕಾಯಿಲೆ ಕೋಳಿ ತಿನ್ನೋ ಮಾತು ಬೇಡ.

ಅಕ್ಕ, ಹೆದರಬೇಡಿ. ಮೊದಲು ನಾಲ್ಕು ವಿಷಯ ಹೇಳಿ. ಮೇವು ತಿನ್ನುತ್ತಿದೆಯಾ? ಹಿಕ್ಕೆ ಯಾವ ಬಣ್ಣ? ಕಣ್ಣು, ಮುಖ ಊದಿದೆಯಾ? ಇತ್ತೀಚೆಗೆ ಹೊಸ ಕೋಳಿ ಏನಾದರೂ ತಂದಿರಾ? ಕೊನೆಯದ್ದಕ್ಕೆ ನಾಚಿಕೊಳ್ಳದೆ ನಿಜ ಹೇಳಬೇಕು. ನಾವೆಲ್ಲ ಆ ತಪ್ಪು ಮಾಡಿದವರೇ.

ಕೋಳಿ ಖುಷಿ · 7:20

ಡಾಕ್ಟರ್ ಗೀಕ್ಟರ್ ಅಂತ ಓಡಾಡಬೇಡಿ. ಮನೆಯಲ್ಲಿ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಇದ್ದರೆ ಅರ್ಧ ಬಿಚ್ಚಿ ನೀರಿಗೆ ಹಾಕಿ. ನಾನು ಹಾಗೇ ಮಾಡೋದು. ಎರಡು ದಿನದಲ್ಲಿ ಸರಿ ಹೋಗುತ್ತೆ.

ಕುವೆಂಪುನಗರ ಮಹಡಿ · 7:32

ಇದು ಹಕ್ಕಿಜ್ವರ ಇರಬಹುದಾ? ನಮ್ಮದು ಮಹಡಿ ಮೇಲೆ ನಾಲ್ಕೇ ಕೋಳಿ. ಓದಿದಾಗಿನಿಂದ ಅವು ಸೀನಿದ ಹಾಗೆ ನನಗೇ ಕೇಳಿಸುತ್ತಿದೆ.

ಹಳೇ ಪಶು ಪರೀಕ್ಷಕ, ಮಂಡ್ಯ · 8:15

ಅಮ್ಮ, ಮೊದಲನೇ ಕೆಲಸ: ಬಾಯಿಗೆ ಏನನ್ನೂ ಸುರಿಯಬೇಡಿ. ಕಷಾಯ, ಎಣ್ಣೆ, ಗ್ಲೂಕೋಸ್, ಯಾವುದೂ ಬೇಡ.

ಯಾಕೆ ಅಂತ ನಿಮ್ಮ ಬೇರೆ ಆರೋಗ್ಯವಾಗಿರುವ ಕೋಳಿ ಹಿಡಿದು ಬಾಯಿ ತೆರೆದು ನೋಡಿ. ನಾಲಿಗೆ ಮುಗಿಯುವ ಕಡೆ, ಅದರ ಹಿಂದೆಯೇ, ಒಂದು ಸಣ್ಣ ಸೀಳು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಅದೇ ಶ್ವಾಸನಾಳದ ಬಾಯಿ. ನಾಲಿಗೆ ಮೇಲೆ ಬಿಟ್ಟದ್ದು ನೇರ ಅಲ್ಲಿಗೇ ಇಳಿಯಬಹುದು. ಕಷಾಯ ಕೊಟ್ಟ ಕೂಡಲೇ ಕೆಮ್ಮಿತು ಅಂದಿರಲ್ಲ, ಕಾರಣ ಅದು. ಉಸಿರಿಗೆ ಒದ್ದಾಡುವ ಕೋಳಿ ಎಷ್ಟೋ ಸಲ ರೋಗದಿಂದ ಸಾಯುವುದಿಲ್ಲ, ನಾವು ಕುಡಿಸಿದ ಔಷಧಿಯಿಂದ ಸಾಯುತ್ತದೆ. ಸರ್ವಿಸಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮತ್ತೆಯವರ ಕಷಾಯವನ್ನು ತಪ್ಪು ಅನ್ನುತ್ತಿಲ್ಲ. ಅದು ಇಳಿದ ದಾರಿ ತಪ್ಪು.

ಎರಡನೆಯದು, ಎತ್ತಿಕೊಳ್ಳುವಾಗ ಎದೆ ಅಮುಕಬೇಡಿ. ನಮಗಿರುವ ಹಾಗೆ ಕೋಳಿಗೆ ವಪೆ, ಅಂದರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಪರದೆ, ಇಲ್ಲ. ಎದೆಮೂಳೆ ಕೆಳಗೆ ಮೇಲೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗಿ ಬರುತ್ತದೆ. ಪ್ರೀತಿಯಿಂದ ತಬ್ಬಿ ಹಿಡಿದರೂ ಅದಕ್ಕೆ ಉಸಿರು ಕಟ್ಟುತ್ತದೆ. ಕೈ ಕೆಳಗಿಂದ ಕೊಟ್ಟು, ರೆಕ್ಕೆ ಮಾತ್ರ ಮೆತ್ತಗೆ ಹಿಡಿಯಿರಿ.

ಈಗಲೇ ಚುಕ್ಕಿಯನ್ನು ಬೇರೆ ಮಾಡಿ. ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ತಳಕ್ಕೆ ಹಳೇ ಸೀರೆ ಹಾಸಿ, ಹುಲ್ಲು ಹೊಟ್ಟು ಬೇಡ, ಧೂಳು. ಒಂದು ಮೂಲೆಗೆ 40 ಅಥವಾ 60 ವ್ಯಾಟಿನ ಹಳೇ ಬಲ್ಬು. ಸೆಖೆ ಆದರೆ ಸರಿದು ಕೂರಲು ಇನ್ನೊಂದು ಮೂಲೆ ತಣ್ಣಗಿರಲಿ. ನೀರು ಮುಂದೆ ಇಡಿ, ಅದೇ ಕುಡಿಯಲಿ.

ಅಮಾಕ್ಸಿಸಿಲಿನ್ ಅಂದವರಿಗೆ: ಕೋಳಿ ಗೊರಗೊರ ಅನ್ನುವ ಕಾಯಿಲೆಗೆ ಸಾಮಾನ್ಯ ಕಾರಣ ಮೈಕೋಪ್ಲಾಸ್ಮಾ ಅನ್ನುವ ಜೀವಿ. ಪೆನ್ಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆದು ಕೊಲ್ಲುತ್ತವೆ. ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಒಡೆಯುವುದು ಏನನ್ನು? ನಿಮ್ಮ ಕೋಳಿ ತಾನಾಗಿ ಹುಷಾರಾಗಿರುತ್ತದೆ, ಹೆಸರು ಕ್ಯಾಪ್ಸೂಲಿಗೆ ಬಂದಿರುತ್ತದೆ.

ಕೋಳಿ ಖುಷಿ · 8:40

ಸರಿ ಸಾರ್. ಇದು ನನಗೆ ಗೊತ್ತಿರಲಿಲ್ಲ.

ಬೋಗಾದಿ ಹಿತ್ತಲು · 9:25

ಸಾರ್, ತುಂಬಾ ಥ್ಯಾಂಕ್ಸ್. ಪೆಟ್ಟಿಗೆಗೆ ಹಾಕಿದ್ದೇನೆ. ಬಲ್ಬು ಕೊಟ್ಟ ಮೇಲೆ ಕಣ್ಣು ಮುಚ್ಚಿ ಕೂತಿದೆ.

ಮಂಕರಿ ಅಣ್ಣ ಕೇಳಿದ್ದಕ್ಕೆ ಉತ್ತರ. ಮೇವು ಕಮ್ಮಿ, ಒಂದಿಷ್ಟು ನೆನೆಸಿದ ಅಕ್ಕಿ ತಿಂದಿತು. ಹಿಕ್ಕೆ ಮಾಮೂಲಿ ಬಣ್ಣವೇ, ಸ್ವಲ್ಪ ತೆಳು. ಮುಖ ಊದಿಲ್ಲ. ಬಲಗಣ್ಣಿನ ಮೂಲೆಯಲ್ಲಿ ಸೋಪಿನ ನೊರೆ ಥರ ಸಣ್ಣ ಸಣ್ಣ ಗುಳ್ಳೆ.

ಹೊಸ ಕೋಳಿ... ಹೌದು. ಮೂರು ವಾರದ ಹಿಂದೆ ಒಂದು ಸಂತೆಯಲ್ಲಿ ಎರಡು ನಾಟಿ ಹ್ಯಾಟೆ ತಂದೆ. ಅವತ್ತೇ ರಾತ್ರಿ ಗೂಡಿಗೆ ಬಿಟ್ಟೆ. ಅದರಲ್ಲಿ ಒಂದರ ಕಣ್ಣಲ್ಲೂ ನೊರೆ ಇತ್ತು. ಬಸ್ಸಿನ ಧೂಳು ಅಂದುಕೊಂಡು ಸೀರೆ ಸೆರಗಲ್ಲಿ ಒರೆಸಿದ್ದೆ. ಈಗ ಬರೆಯುವಾಗ ಹೊಟ್ಟೆ ಉರಿಯುತ್ತಿದೆ.

ಇನ್ನೊಂದು. ಹೋದ ವಾರ ಮಳೆ ಎರಚಲು ಹೊಡೆಯುತ್ತಿತ್ತು ಅಂತ ಗೂಡಿನ ಸುತ್ತ ಟಾರ್ಪಾಲು ಬಿಗಿದಿದ್ದೇವೆ. ಕೆಳಗಿನ ಭತ್ತದ ಹೊಟ್ಟು ಒದ್ದೆ ಆಗಿತ್ತು. ರೋಗ ಬರಬಾರದು ಅಂತ ಅದರ ಮೇಲೇ ಸುಣ್ಣದ ಪುಡಿ ಎರಚಿದೆ. ಅದಾದ ಮೇಲೆ ಗೂಡಿನ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು.

ಮದ್ದೂರು ಮಂಕರಿ · 10:02

ಅಕ್ಕ, ಆ ಸುಣ್ಣದ ಕಥೆ ನನಗೆ ಕೇಳಿ.

ನಾಲ್ಕು ವರ್ಷದ ಹಿಂದೆ ನಾಲೆ ನೀರು ಬಿಟ್ಟಾಗ ನಮ್ಮ ಗೂಡಿನ ನೆಲ ತೇವ ಹಿಡಿಯಿತು. ಯಾರೋ ಸುಣ್ಣ ಹಾಕಪ್ಪಾ ಅಂದರು. ಎರಡು ಬುಟ್ಟಿ ತಂದು ಹೊಟ್ಟಿನ ಮೇಲೆ ಸುರಿದು ಗುದ್ದಲಿಯಲ್ಲಿ ಮಗುಚಿದೆ. ಚೊಕ್ಕಟ ಆಯಿತು ಅಂತ ಖುಷಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ತೆಗೆದರೆ ಒಂದೊಂದೂ ಕಣ್ಣು ಮುಚ್ಚಿಕೊಂಡು ನಿಂತಿವೆ. ಕೆಮ್ಮೋ ಕೆಮ್ಮು. ಪಿಳ್ಳೆಗಳು ಗೋಡೆ ಸಂದಿಗೆ ಕೊಕ್ಕು ಇಟ್ಟು ಹೊರಗಿನ ಗಾಳಿ ಎಳೆಯುತ್ತಿದ್ದವು. ಅದೊಂದು ನೋಟ ಇವತ್ತಿಗೂ ಮರೆತಿಲ್ಲ.

ಹಿಕ್ಕೆ ಬಿದ್ದ ಒದ್ದೆ ಹೊಟ್ಟಿನ ಮೇಲೆ ಸುಣ್ಣ ಹಾಕಿದರೆ ಅದರಲ್ಲಿರೋ ಅಮೋನಿಯಾ ಎಲ್ಲ ಒಂದೇ ಸಲ ಎದ್ದು ಬರುತ್ತೆ ಅಂತ ಆಮೇಲೆ ಗೊತ್ತಾಯಿತು. ಸುಣ್ಣ ಹಾಕಬಾರದು ಅಂತಲ್ಲ. ಹಳೇ ಹೊಟ್ಟು ಪೂರ್ತಿ ಬಾಚಿ ತೆಗೆದು, ಬರೀ ನೆಲಕ್ಕೆ ಹಚ್ಚಿ, ಒಣಗಿಸಿ, ಆಮೇಲೆ ಹೊಸ ಹೊಟ್ಟು ಹಾಸಬೇಕು. ಕೋಳಿ ಆ ಹೊತ್ತು ಹೊರಗಿರಬೇಕು.

ಈಗಲೇ ಟಾರ್ಪಾಲು ಕಿತ್ತು ಹಾಕಿ. ಮಳೆ ಬರುವ ದಿಕ್ಕಿಗೆ ಮಾತ್ರ ಒಂದು ಕಡೆ ಬಿಟ್ಟು, ಮೇಲುಗಡೆ ಒಂದು ಗೇಣು ಸಂದಿ ಇರಲಿ. ಮುಗಿಸಿದ ಮೇಲೆ ಮಂಡಿಯೂರಿ ಮೂಗನ್ನು ಕೋಳಿ ಕೂರುವ ಎತ್ತರಕ್ಕೆ ತಂದು ವಾಸನೆ ನೋಡಿ. ನಾವು ನಿಂತು ಮೂಸಿದರೆ ಏನೂ ಗೊತ್ತಾಗಲ್ಲ. ಅವು ಇಡೀ ರಾತ್ರಿ ಅಲ್ಲೇ ಉಸಿರಾಡಬೇಕಲ್ವಾ.

ಹಳೇ ಪಶು ಪರೀಕ್ಷಕ, ಮಂಡ್ಯ · 11:30

ಮಂಕರಿಯವರು ಹೇಳಿದ್ದು ಸರಿ. ನಾನು ಹೇಳಬೇಕು ಅಂದಿದ್ದನ್ನು ಅನುಭವದಿಂದಲೇ ಹೇಳಿದ್ದಾರೆ. ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಧೂಳು, ಕಫ, ರೋಗಾಣು ಎಲ್ಲವನ್ನೂ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ ಮೊದಲು ಸುಡುವುದು ಅವನ್ನೇ. ಅಲ್ಲಿಯವರೆಗೆ ಸುಮ್ಮನಿದ್ದ ರೋಗಾಣುವಿಗೆ ದಾರಿ ಸಲೀಸು. ಸಂತೆ ಕೋಳಿ ಬೀಜ ತಂದಿತು, ಟಾರ್ಪಾಲು ಮತ್ತು ಸುಣ್ಣ ಗೊಬ್ಬರ ಹಾಕಿದವು. ನನ್ನ ಊಹೆ ಇದು. ಖಚಿತ ಮಾಡಬೇಕಾದವರು ಡಾಕ್ಟರು.

ಆದರೂ ಬೇರೆ ಕಾರಣಗಳನ್ನು ಒಂದೊಂದೇ ತೆಗೆದುಹಾಕೋಣ. ಟಾರ್ಚು ಹಿಡಿದು ಗಂಟಲು ನೋಡಿ. ಹಳದಿ ಗಿಣ್ಣಿನ ಹಾಗೆ ಏನಾದರೂ ಅಂಟಿದ್ದರೆ ಅದು ಸಿಡುಬು, ಸೊಳ್ಳೆ ಕಾಲದಲ್ಲಿ ಜಾಸ್ತಿ. ಕೆರೆದು ತೆಗೆಯಬೇಡಿ, ರಕ್ತ ಬರುತ್ತದೆ. ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ಬೆಳಿಗ್ಗೆ ಖಾಲಿ ಇರಬೇಕು. ಕಲ್ಲಿನ ಹಾಗೆ ಗಟ್ಟಿ ಅಥವಾ ನೀರು ತುಂಬಿದ ಬಲೂನಿನ ಹಾಗಿದ್ದರೆ ತೊಂದರೆ ಅಲ್ಲಿದೆ. ಮೊದಲ ಮೊಟ್ಟೆಯ ವಯಸ್ಸು, ಹಾಗಾಗಿ ಮೊಟ್ಟೆ ಸಿಕ್ಕಿಕೊಂಡರೂ ಹೀಗೆ ಏದುಸಿರು ಬಿಡುತ್ತವೆ. ಆಗ ಬಾಲ ಕೆಳಗೆ ಮಾಡಿ ನೆಟ್ಟಗೆ ನಿಲ್ಲುತ್ತವೆ, ಮುಕ್ಕುತ್ತವೆ. ಶ್ವಾಸನಾಳದ ಹುಳ ಅಂತ ಒಂದಿದೆ, ಎರೆಹುಳು ತಿಂದ ಎಳೆ ಕೋಳಿಗಳಿಗೆ ಬರುತ್ತದೆ. ಅದಕ್ಕೂ ಕತ್ತು ಚಾಚಿ ಬಾಯಿ ಬಿಡುತ್ತವೆ, ಆದರೆ ಕಣ್ಣಲ್ಲಿ ನೊರೆ ಬರುವುದಿಲ್ಲ. ಮುಖ ಒಂದು ಕಡೆ ಊದಿ, ಮೂಗಿನಿಂದ ಕೊಳೆತ ವಾಸನೆ ಬಂದರೆ ಅದು ಕೊರೈಜಾ ಅನ್ನುವ ಬೇರೆ ಕಾಯಿಲೆ.

ಇನ್ನು ಬಿಸಿಲಿಗೆ ಬಾಯಿ ಬಿಡುವುದು ರೋಗ ಅಲ್ಲ. ಕೋಳಿ ಬೆವರುವುದಿಲ್ಲ, ಬಾಯಿಯಿಂದಲೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಆದರೆ ಆಷಾಢದ ಬೆಳಿಗ್ಗೆ ಆರು ಗಂಟೆಗೆ ಬಾಯಿ ಬಿಟ್ಟರೆ ಅದು ಸೆಖೆ ಅಲ್ಲ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯೋ ಇಲ್ಲವೋ?

ಬೋಗಾದಿ ಹಿತ್ತಲು · 11:52

ಚುಕ್ಕಿಗೆ ಆಗಿದೆ ಸಾರ್. ಮರಿ ತಂದಾಗ ಕಣ್ಣಿಗೆ ಹನಿ ಹಾಕಿಸಿದ್ದೆ, ಎರಡು ತಿಂಗಳಿಗೆ ರೆಕ್ಕೆ ಹತ್ತಿರ ಚುಚ್ಚಿಸಿದ್ದೆ. ಸಂತೆ ಕೋಳಿಗಳದ್ದು ಗೊತ್ತಿಲ್ಲ.

ಹಳೇ ಪಶು ಪರೀಕ್ಷಕ, ಮಂಡ್ಯ · 12:10

ಒಳ್ಳೆಯದು. ಮೊದಲ ವಾರ ಲಸೋಟ ಅಥವಾ ಎಫ್1 ಹನಿ, ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು. ಹಿತ್ತಲ ಕೋಳಿಗೆ ಇಷ್ಟು ತಪ್ಪಿಸಬಾರದು. ಕೊಕ್ಕರೆ ರೋಗ ಬಂದ ಮೇಲೆ ಔಷಧಿಯೇ ಇಲ್ಲ. ಅದರಲ್ಲೂ ಏದುಸಿರು ಇರುತ್ತದೆ, ಜೊತೆಗೆ ಹಸಿರು ಬಿಳಿ ಭೇದಿ, ಕತ್ತು ತಿರುಚುವುದು, ಕಾಲು ಬೀಳುವುದು. ಒಂದರ ಹಿಂದೆ ಒಂದು ಸಾಯುತ್ತವೆ.

ಮಹಡಿಯವರು ಕೇಳಿದ ಹಕ್ಕಿಜ್ವರಕ್ಕೂ ಅದೇ ಮಾತು. ಭಯ ಸಹಜ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ದೃಢಪಟ್ಟು ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಆದರೆ ಒಂದು ಕೋಳಿ ಮೂರು ದಿನದಿಂದ ಗೊರಗೊರ ಅಂದು ಮಿಕ್ಕ ಎಂಟು ಮೇಯುತ್ತಿದ್ದರೆ ಅದು ಹಕ್ಕಿಜ್ವರದ ಲಕ್ಷಣ ಅಲ್ಲ. ಇದ್ದಕ್ಕಿದ್ದಂತೆ ಎರಡು ಮೂರು ಸತ್ತರೆ, ಜುಟ್ಟು ನೀಲಿ ಆದರೆ, ಕೊಯ್ದು ನೋಡಲು ಹೋಗಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಬೋಗಾದಿ ಹಿತ್ತಲು · ಶನಿವಾರ, ರಾತ್ರಿ 9:40

ಗಂಟಲು ಸ್ವಚ್ಛ. ಮೇವಿನ ಚೀಲ ಮೆತ್ತಗಿದೆ. ಟಾರ್ಪಾಲು ತೆಗೆದು, ಹೊಟ್ಟು ಬಾಚಿ ಹೊರಗೆ ಹಾಕಿದೆವು. ಏಳು ಮಂಕರಿ ಆಯಿತು! ಯಜಮಾನರು ಬಾಗಿಲಲ್ಲೇ ಕೆಮ್ಮುತ್ತಾ ನಿಂತು, ಇದರೊಳಗೆ ನನ್ನನ್ನು ಮಲಗಿಸಿದ್ದರೆ ನಾನೂ ಗೊರಗೊರ ಅಂತಿದ್ದೆ ಅಂದರು.

ಕತ್ತಲಾದ ಮೇಲೆ ಎಲ್ಲ ಕೋಳಿ ಮಲಗಿದಾಗ ಗೂಡಿನ ಹತ್ತಿರ ಸುಮ್ನೆ ಹತ್ತು ನಿಮಿಷ ಕೂತೆ. ಹಗಲಲ್ಲಿ ಅವುಗಳ ಗಲಾಟೆಯಲ್ಲಿ ಏನೂ ಕೇಳುವುದಿಲ್ಲ. ಆಮೇಲೆ ಒಂದೊಂದರ ಬೆನ್ನಿಗೂ ಕಿವಿ ಇಟ್ಟೆ. ಆರರದ್ದು ಏನೂ ಸದ್ದಿಲ್ಲ. ಸಂತೆಯಿಂದ ತಂದ ಎರಡರಲ್ಲೂ ಸಣ್ಣಗೆ ಕಟಕಟ. ಒಣಗಿದ ಹುಣಸೆಕಾಯಿ ಅಲ್ಲಾಡಿಸಿದ ಹಾಗೆ. ಮೇಲೆ ನೋಡಿದರೆ ಎರಡೂ ಚೆನ್ನಾಗಿಯೇ ಮೇಯುತ್ತಿವೆ.

ಮದ್ದೂರು ಮಂಕರಿ · 9:58

ಅವೇ ತಂದಿದ್ದು. ಅವಕ್ಕೆ ಅಭ್ಯಾಸ ಆಗಿರುತ್ತೆ, ಹೊಸದಕ್ಕೆ ಹೊಡೆಯುತ್ತೆ. ಅವೆರಡನ್ನೂ ಬೇರೆ ಹಾಕಿ. ಮೊದಲು ಚೆನ್ನಾಗಿರೋ ಆರಕ್ಕೆ ಮೇವು ನೀರು, ಕೊನೆಗೆ ಕಾಯಿಲೆಯವಕ್ಕೆ. ಚಪ್ಪಲಿನೂ ಬೇರೆ ಇಟ್ಟುಕೊಳ್ಳಿ.

ಬೋಗಾದಿ ಹಿತ್ತಲು · ಸೋಮವಾರ, ಮಧ್ಯಾಹ್ನ 2:15

ಇವತ್ತು ಡಾಕ್ಟರ್ ಹತ್ತಿರ ಹೋಗಿ ಬಂದೆವು. ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ. ಅಲ್ಲಿ ಕಾಯುತ್ತಿದ್ದವರೊಬ್ಬರು, ಕೋಳಿ ಬೆಲೆಗಿಂತ ಆಟೋ ಚಾರ್ಜೇ ಜಾಸ್ತಿ ಆಯಿತಲ್ಲಮ್ಮಾ ಅಂದರು. ಹೌದು ಅಂದೆ. ಇನ್ನೇನು ಹೇಳಲಿ?

ಡಾಕ್ಟರು ಎದೆಗೆ ಸ್ಟೆತೋಸ್ಕೋಪು ಇಟ್ಟು ಕೇಳಿದರು, ಕಣ್ಣು ನೋಡಿದರು. ಬೇರೆ ಕೋಳಿಗಳ ಬಗ್ಗೆ ವಿಚಾರಿಸಿದರು. ಪರೀಕ್ಷಕ ಸಾರ್ ಹೇಳಿದ್ದೇ. ಬಹುತೇಕ ಮೈಕೋಪ್ಲಾಸ್ಮಾ, ಅಂದರೆ ಕೋಳಿಗಳ ದೀರ್ಘಕಾಲದ ಉಸಿರಾಟದ ಕಾಯಿಲೆ, ಸಿಆರ್‌ಡಿ ಅಂದರು. ಚುಕ್ಕಿ ನೀರು ಕಮ್ಮಿ ಕುಡಿಯುತ್ತಿದೆ, ನೀರಲ್ಲಿ ಹಾಕಿದರೆ ಪೂರ್ತಿ ಡೋಸು ಹೋಗಲ್ಲ ಅಂತ ಮೊದಲು ಇಂಜೆಕ್ಷನ್ ಕೊಟ್ಟರು. ನಾಳೆಯಿಂದ ಐದು ದಿನ ಟೈಲೋಸಿನ್ ಪುಡಿ ನೀರಿಗೆ. ಸಂತೆ ಕೋಳಿಗಳಿಗೂ ಅದೇ. ಆ ನೀರು ಬಿಟ್ಟು ಬೇರೆ ನೀರು ಇಡಬಾರದು, ದಿನಾ ಹೊಸದಾಗಿ ಕಲಸಬೇಕು.

ಕುವೆಂಪುನಗರ ಮಹಡಿ · 2:40

ಅಕ್ಕ, ಮಿಕ್ಕ ಕೋಳಿಗಳ ಮೊಟ್ಟೆ ತಿನ್ನಬಹುದಾ?

ಹಳೇ ಪಶು ಪರೀಕ್ಷಕ, ಮಂಡ್ಯ · 3:05

ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಔಷಧಿ ಕುಡಿಯದ ಕೋಳಿಯ ಮೊಟ್ಟೆ ತಿನ್ನಿ. ಔಷಧಿ ಕುಡಿದದ್ದರ ಮೊಟ್ಟೆ, ಮಾಂಸ ಎರಡೂ ಡಾಕ್ಟರು ಹೇಳಿದ ದಿನದವರೆಗೆ ಬೇಡ. ಪಕ್ಕದ ಮನೆಯವರಿಗೂ ಕೊಡಬೇಡಿ. ಐದು ದಿನ ಅಂದರೆ ಐದೂ ದಿನ ಕೊಡಿ. ಮೂರನೇ ದಿನ ಸದ್ದು ನಿಂತಿತು ಅಂತ ಪುಡಿ ಉಳಿಸಿ ಡಬ್ಬದಲ್ಲಿ ಇಡುವ ಅಭ್ಯಾಸ ಮನೆಮನೆಯಲ್ಲೂ ಇದೆ.

ಕೋಳಿ ಖುಷಿ · 3:12

ಸಾರ್, ನನಗೇ ಹೇಳಿದ ಹಾಗಿದೆ 🙂

ಪಾಂಡವಪುರ ಆಲೆಮನೆ · 3:30

ಅಕ್ಕ, ಶನಿವಾರ ಹೇಳಿದ್ದು ವಾಪಸ್ ತಗೊಂಡೆ. ನಮ್ಮನೆ ಕೋಳಿ ಆಲೆಮನೆ ಪಕ್ಕದಲ್ಲೇ ಇರೋದು. ಕಬ್ಬಿನ ಸಿಪ್ಪೆ ಉರಿಸಿದಾಗ ಅವೂ ಸೀನುತ್ತವೆ. ಹೊಗೆಯಿಂದನಾ, ಇದೇ ಕಾಯಿಲೆನಾ?

ಮದ್ದೂರು ಮಂಕರಿ · 3:48

ಒಲೆ ಆರಿದ ಮೇಲೆ ನಿಂತರೆ ಹೊಗೆ. ರಾತ್ರಿನೂ ಇದ್ದರೆ ಅಕ್ಕ ಮಾಡಿದ ಹಾಗೆ ಬೆನ್ನಿಗೆ ಕಿವಿ ಇಡು. ಏನಿದ್ದರೂ ಗೂಡು ಗಾಳಿ ಬರೋ ಕಡೆಗೆ ಎತ್ತಿ ಇಡೋದು ಒಳ್ಳೇದು.

ಬೋಗಾದಿ ಹಿತ್ತಲು · ಮುಂದಿನ ಮಂಗಳವಾರ, ಬೆಳಿಗ್ಗೆ 7:30

ಚುಕ್ಕಿ ಬಚಾವ್. ಮಂಗಳವಾರ, ಬುಧವಾರ ಹಾಗೇ ಇತ್ತು, ನನಗೆ ಆಸೆಯೇ ಇರಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡುತ್ತಿದ್ದೆ. 1 ಕಿಲೋ 310 ಗ್ರಾಂ ಇದ್ದದ್ದು 1 ಕಿಲೋ 240ಕ್ಕೆ ಇಳಿಯಿತು. ಗುರುವಾರ ಬೆಳಿಗ್ಗೆ ನುಗ್ಗೆಸೊಪ್ಪು ಹಿಡಿದರೆ ಕೈಯಿಂದ ಕಿತ್ತುಕೊಂಡು ತಿಂದಿತು. ನಿನ್ನೆ ತೂಕ 1 ಕಿಲೋ 330. ರಾತ್ರಿ ಬೆನ್ನಿಗೆ ಕಿವಿ ಇಟ್ಟರೆ ಬರೀ ಎದೆ ಬಡಿತ.

ಹೊಸ ಹೊಟ್ಟು ಹಾಸಿದ್ದೇವೆ. ಮಂಡಿಯೂರಿ ಮೂಸಿ ನೋಡಿದೆ, ಭತ್ತದ ವಾಸನೆ ಮಾತ್ರ. ಇವತ್ತು ಎಲ್ಲವನ್ನೂ ಒಟ್ಟಿಗೆ ಬಿಡೋಣ ಅಂತ. ಆಮೇಲೆ ಶ್ರಾವಣದಲ್ಲಿ ಕಾವು ಕೂರಿಸಿ, ಶ್ರೀರಂಗಪಟ್ಟಣದಲ್ಲಿರುವ ನಾದಿನಿಗೆ ಆರು ಪಿಳ್ಳೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಹಳೇ ಪಶು ಪರೀಕ್ಷಕ, ಮಂಡ್ಯ · 8:20

ತುಂಬಾ ಸಂತೋಷ. ಆದರೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಗುತ್ತದಮ್ಮ.

ಔಷಧಿ ರೋಗವನ್ನು ಅಡಗಿಸುತ್ತದೆ, ಮೈಯಿಂದ ಪೂರ್ತಿ ಓಡಿಸುವುದಿಲ್ಲ. ಚುಕ್ಕಿ ಮತ್ತು ಆ ಎರಡು ಇನ್ನು ಮುಂದೆ ನೋಡಲು ಆರೋಗ್ಯವಾಗಿಯೇ ಇರುತ್ತವೆ, ಆದರೆ ರೋಗಾಣು ಹೊತ್ತುಕೊಂಡೇ ಇರುತ್ತವೆ. ಚಳಿ ಬಿದ್ದಾಗ, ಪುಕ್ಕ ಉದುರಿಸುವಾಗ, ಮೊಟ್ಟೆ ಶುರು ಮಾಡಿದಾಗ ಮತ್ತೆ ಸೀನಬಹುದು. ಅಷ್ಟೇ ಅಲ್ಲ, ಈ ರೋಗ ಮೊಟ್ಟೆಯ ಒಳಗಿಂದಲೇ ಮರಿಗೆ ಹೋಗುತ್ತದೆ. ಮಿಕ್ಕ ಆರೂ ಮೂರು ವಾರ ಒಂದೇ ಗೂಡಲ್ಲಿ ಇದ್ದವಲ್ಲ, ಅವುಗಳನ್ನೂ ಸ್ವಚ್ಛ ಅಂತ ನಂಬುವಂತಿಲ್ಲ.

ಒಟ್ಟಿಗೆ ಬಿಡುವುದು, ಬಿಡದಿರುವುದು ನಿಮ್ಮ ಮನೆ ಲೆಕ್ಕ. ತಿನ್ನಲು ಮೊಟ್ಟೆ ಸಾಕಾದರೆ ಒಂಬತ್ತನ್ನೂ ಒಂದೇ ಗುಂಪು ಅಂದುಕೊಂಡು ಸಾಕಿ. ಹೊಸದು ತರಬೇಡಿ, ಇಲ್ಲಿಂದ ಜೀವಂತ ಕೋಳಿ, ಮರಿ, ಕಾವಿಗೆ ಮೊಟ್ಟೆ ಯಾರಿಗೂ ಕೊಡಬೇಡಿ. ಮುಂದೆ ಎಂದಾದರೂ ಹೊಸ ಗುಂಪು ಕಟ್ಟಬೇಕು ಅನಿಸಿದರೆ ಇವು ಮುಗಿದ ಮೇಲೆ ಗೂಡು ತೊಳೆದು ಕೆಲವು ವಾರ ಖಾಲಿ ಬಿಡಿ. ಕೋಳಿ ಮೈ ಹೊರಗೆ ಈ ರೋಗಾಣು ಜಾಸ್ತಿ ದಿನ ಬದುಕುವುದಿಲ್ಲ.

ಬೋಗಾದಿ ಹಿತ್ತಲು · 8:45

ಅಯ್ಯೋ. ಇದನ್ನು ಯಾರೂ ಹೇಳಿರಲಿಲ್ಲ ಸಾರ್. ಕೊಟ್ಟೇಬಿಡುತ್ತಿದ್ದೆ. ಸಂತೆಯಲ್ಲಿ ನನಗೆ ಮಾರಿದವರೂ ಹೀಗೇ, ಗೊತ್ತಿಲ್ಲದೆ ಮಾರಿರಬೇಕು.

ನಾದಿನಿಗೆ ಏನು ಹೇಳಲಿ? ಮಕ್ಕಳು ಆಗಲೇ ಪಿಳ್ಳೆಗಳಿಗೆ ಹೆಸರು ಇಟ್ಟಿದ್ದಾರಂತೆ.

ಮದ್ದೂರು ಮಂಕರಿ · 9:10

ಅದಕ್ಕೇನು ಅಕ್ಕ. ನಮ್ಮಲ್ಲಿ ಎರಡು ಕಾವು ಕೂತಿವೆ, ಇನ್ನು ಹನ್ನೆರಡು ದಿನಕ್ಕೆ ಒಡೆಯುತ್ತವೆ. ಮೊದಲ ಹನಿ ನಾನೇ ಹಾಕಿಸಿ ಕೊಡುತ್ತೇನೆ. ನಿಮ್ಮ ನಾದಿನಿ ಮನೆಯವರು ಬಂದು ಆರು ಪಿಳ್ಳೆ ತಗೊಂಡು ಹೋಗಲಿ. ಮದ್ದೂರಿಂದ ಸೀದಾ ಶ್ರೀರಂಗಪಟ್ಟಣಕ್ಕೇ ಹೋಗಬೇಕು, ಅತ್ತಿಗೆ ಕೋಳಿ ನೋಡಿಕೊಂಡು ಬರೋಣ ಅಂತ ಮೈಸೂರಿಗೆ ತಿರುಗಬಾರದು.

ಪಾಂಡವಪುರ ಆಲೆಮನೆ · 9:14

ಬರೋವಾಗ ಮದ್ದೂರು ವಡೆ ಕಟ್ಟಿಸಿಕೊಳ್ಳಲಿ.

ಬೋಗಾದಿ ಹಿತ್ತಲು · 9:20

ಅಣ್ಣ, ಹೇಗೆ ಹೇಳಲಿ, ತುಂಬಾ ಉಪಕಾರ ಆಯಿತು. ಹಾಗಾದರೆ ಪಿಳ್ಳೆ ತರಲು ನಮ್ಮ ಹಳೇ ಮಂಕರಿ ಕೊಟ್ಟು ಕಳಿಸುತ್ತೇನೆ. ಮುಚ್ಚಳ ಇದೆ, ಗಾಳಿ ಆಡುತ್ತದೆ.

ಮದ್ದೂರು ಮಂಕರಿ · 9:22

ಅಕ್ಕ! ಮಂಕರಿ ಮಾತ್ರ ನಿಮ್ಮನೇದು ಬೇಡ. ನಾನೇ ಕೊಡ್ತೀನಿ.